ಬೀಜದ ಬರಹ ತಿದ್ದುವ ವಿದ್ಯೆ: ನಮ್ಮ ಹೊಲಕ್ಕೆ ಏನು ತಂದೀತು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ರೈತ–ವಿದ್ಯಾರ್ಥಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಉತ್ಸವ ಸಮಿತಿಯವರು ನನ್ನನ್ನು ಕರೆದಾಗ, "ನೀನು ಬೀಜದ ಕೆಲಸ ಮಾಡಿದವನು, ಬೀಜದ ಬಗ್ಗೆಯೇ ಮಾತಾಡು, ಆದರೆ ಮಂಡಿಗೆ ಹೋಗಿ ಬಂದವರಿಗೂ ಅರ್ಥವಾಗಬೇಕು" ಎಂದರು. ಅದಕ್ಕೇ ಈಗ ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಜೀನ್ ಎಡಿಟಿಂಗ್, ಅಂದರೆ ವಂಶವಾಹಿಯನ್ನು ತಿದ್ದಿ ಹೊಸ ತಳಿ ಮಾಡುವುದು. ಇದರಿಂದ ರೈತನ ಕಷ್ಟವೆಲ್ಲ ತೀರುತ್ತದೆ ಎನ್ನುವವರಿದ್ದಾರೆ. ಇದರಿಂದ ನಮ್ಮ ಬೀಜವೇ ಕೆಟ್ಟುಹೋಗುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಟ್ಟು, ಈ ವಿದ್ಯೆ ಏನು, ನಮ್ಮ ಟೊಮೆಟೊ, ರಾಗಿ, ಮಾವಿಗೆ ಇದರಿಂದ ಏನಾದೀತು, ಏನಾಗದು ಎಂದು ನೋಡೋಣ.

ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಆ ಹೊತ್ತಿಗೆ ನಮ್ಮ ಕಡೆಯ ಹೊಲಗಳಿಗೆ ಇಂಡಾಫ್ ಎಂಬ ಹೊಸ ರಾಗಿ ಬರತೊಡಗಿತ್ತು. ಹಿರಿಯರಿಗೆ ನೆನಪಿರಬೇಕು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆದ ಹೆಸರು ಅದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡುತ್ತಿದ್ದ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಆ ತಳಿಗಳನ್ನು ತಂದರು. ರಾಗಿಯ ಹೂವು ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಅದು ನಸುಕಿನಲ್ಲೇ ಅರಳಿ ತನ್ನ ಪರಾಗವನ್ನು ತಾನೇ ಹಾಕಿಕೊಂಡುಬಿಡುತ್ತದೆ. ಅಂಥ ಹೂವಿಗೆ ಬೇರೆ ಗಿಡದ ಪರಾಗ ಸೇರಿಸುವುದು ಎಷ್ಟು ತಾಳ್ಮೆಯ ಕೆಲಸ ಎಂದು ನೀವೇ ಊಹಿಸಿ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆಮೇಲೆ ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ಬಂತು. ಅದರ ವಂಶದಲ್ಲೂ ಇಂಡಾಫ್ ಇದೆ. ಇವತ್ತು ನಾವು ಉಣ್ಣುವ ಮುದ್ದೆಯಲ್ಲಿ ಅವರ ಕೈಕೆಲಸ ಸ್ವಲ್ಪವಾದರೂ ಇದೆ.

ಇದನ್ನು ಏಕೆ ಮೊದಲೇ ಹೇಳಿದೆನೆಂದರೆ, "ಬೀಜವನ್ನು ಮನುಷ್ಯ ಮುಟ್ಟಬಾರದು" ಎಂಬ ಮಾತು ಆಗಾಗ ಕೇಳಿಬರುತ್ತದೆ. ಮನುಷ್ಯ ಮುಟ್ಟದ ಬೀಜ ನಮ್ಮ ಹೊಲದಲ್ಲಿ ಒಂದೂ ಇಲ್ಲ. ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಟೊಮೆಟೊ ದಕ್ಷಿಣ ಅಮೆರಿಕದ ಕಡೆಯದು. ಅಲ್ಲಿನ ಕಾಡು ಟೊಮೆಟೊ ಗೋಲಿಯಷ್ಟೂ ಇರುವುದಿಲ್ಲ. ದಪ್ಪ ಹಣ್ಣಿನ ಗಿಡದ ಬೀಜವನ್ನೇ ಆರಿಸಿ ಆರಿಸಿ ಎತ್ತಿಟ್ಟ ರೈತರಿಂದ ಅದು ಇಷ್ಟು ದೊಡ್ಡದಾಯಿತು. ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಡುತ್ತಿದ್ದ ನಮ್ಮ ಅಜ್ಜಿಯರು ಮಾಡಿದ್ದೂ ತಳಿ ಆಯ್ಕೆಯೇ. ಹಾಗಾಗಿ ಬೀಜ ಬದಲಾಗುವುದು ಹೊಸದಲ್ಲ. ಹೇಗೆ ಬದಲಾಗುತ್ತದೆ, ಯಾರ ಕೈಯಲ್ಲಿ ಬದಲಾಗುತ್ತದೆ ಎಂಬುದು ಮಾತ್ರ ಹೊಸದು.

ಈಗ ಮಕ್ಕಳು ಸ್ವಲ್ಪ ಗಮನ ಕೊಡಿ. ನಿಮ್ಮ ಹತ್ತನೆಯ ತರಗತಿ ಪುಸ್ತಕದಲ್ಲಿ ಮೆಂಡೆಲ್ ಬಟಾಣಿ ಗಿಡದ ಪಾಠ ಇದೆಯಲ್ಲ, ಅಲ್ಲಿಂದಲೇ ಹೊರಡೋಣ. ಗಿಡದ ಪ್ರತಿ ಜೀವಕೋಶದಲ್ಲೂ ಡಿ.ಎನ್.ಎ. ಎಂಬ ಉದ್ದನೆಯ ಎಳೆ ಇರುತ್ತದೆ. ಅದನ್ನು ಒಂದು ಬರಹ ಎಂದುಕೊಳ್ಳಿ. ಆ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ. ಆ ನಾಲ್ಕು ಅಕ್ಷರಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದರ ಮೇಲೆ ಗಿಡ ಎತ್ತರವೋ ಗಿಡ್ಡವೋ, ಹಣ್ಣು ಕೆಂಪೋ ಹಳದಿಯೋ, ರೋಗ ತಡೆಯುತ್ತದೋ ಇಲ್ಲವೋ ಎಂಬುದೆಲ್ಲ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಒಂದು ಗುಣಕ್ಕೆ ಸಂಬಂಧಪಟ್ಟ ಒಂದು ತುಂಡು ಬರಹವೇ ಜೀನ್, ಕನ್ನಡದಲ್ಲಿ ವಂಶವಾಹಿ. ಟೊಮೆಟೊದ ಪೂರ್ತಿ ಬರಹದಲ್ಲಿ ಸುಮಾರು 90 ಕೋಟಿ ಅಕ್ಷರಗಳಿವೆ, 35 ಸಾವಿರದಷ್ಟು ಜೀನುಗಳಿವೆ. ಹಲವು ದೇಶಗಳ ವಿಜ್ಞಾನಿಗಳು ಸೇರಿ 2012ರಲ್ಲಿ ಅದನ್ನು ಓದಿ ಮುಗಿಸಿದರು. ಅದರ ಹನ್ನೆರಡು ವರ್ಣತಂತುಗಳಲ್ಲಿ ಐದನೆಯದು ನಮ್ಮ ದೇಶದ ವಿಜ್ಞಾನಿಗಳ ಪಾಲಿಗೆ ಬಂದಿತ್ತು. ನಮ್ಮ ರಾಗಿಯ ಬರಹವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ಪ್ರಕಟಿಸಿತು. ಅವರು ಓದಿದ್ದು ಎಂ.ಎಲ್.-365 ಎಂಬ, ಬರ ತಡೆಯುವ ತಳಿಯನ್ನು. ನಮ್ಮ ಮನೆಯಿಂದ ಮೂರು ಗಂಟೆ ದೂರದ ಜಿ.ಕೆ.ವಿ.ಕೆ.ಯಲ್ಲಿ ನಡೆದ ಕೆಲಸ ಇದು ಎಂದು ಮಕ್ಕಳು ನೆನಪಿಟ್ಟುಕೊಳ್ಳಬೇಕು.

ಈ ಬರಹವನ್ನು ಬದಲಿಸುವ ದಾರಿ ಮೂರು. ಮೊದಲನೆಯದು ಲಕ್ಷ್ಮಣಯ್ಯನವರು ಮಾಡಿದ ಸಂಕರ. ಎರಡು ಪುಸ್ತಕಗಳ ಹಾಳೆ ಬೆರೆಸಿ ಹೊಸ ಪುಸ್ತಕ ಹೊಲಿದ ಹಾಗೆ. ಬೇಕಾದದ್ದರ ಜೊತೆ ಬೇಡದ್ದೂ ಬರುತ್ತದೆ, ಅದನ್ನು ಬೇರ್ಪಡಿಸಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಎರಡನೆಯದು ಕುಲಾಂತರಿ. ಬೇರೆ ಜೀವಿಯ ಒಂದು ಪುಟವನ್ನು ತಂದು ಅಂಟಿಸುವುದು. ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಇದೆ. ಮೂರನೆಯದು ಈಗಿನ ಎಡಿಟಿಂಗ್. ಅದೇ ಪುಸ್ತಕದಲ್ಲಿ, ಅದೇ ಪುಟದಲ್ಲಿ, ಒಂದೆರಡು ಅಕ್ಷರ ಅಳಿಸುವುದು ಅಥವಾ ತಿದ್ದುವುದು.

ಇದಕ್ಕೆ ಬಳಸುವ ಕತ್ತರಿಗೆ ಕ್ರಿಸ್ಪರ್ ಎಂದು ಹೆಸರು. ಅದನ್ನು ಮನುಷ್ಯ ಹೊಸದಾಗಿ ಹುಟ್ಟಿಸಲಿಲ್ಲ. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ಇದೆ. ಒಮ್ಮೆ ಬಂದ ವೈರಸ್ಸಿನ ಗುರುತನ್ನು ಬ್ಯಾಕ್ಟೀರಿಯಾ ಬರೆದಿಟ್ಟುಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸಿ ಹಾಕುತ್ತದೆ. ಈ ಏರ್ಪಾಡನ್ನು ನಮಗೆ ಬೇಕಾದ ಜಾಗದಲ್ಲಿ ಕತ್ತರಿಸುವ ಉಪಕರಣವಾಗಿ ಬಳಸಬಹುದು ಎಂದು ಇಮ್ಯಾನುಯೆಲ್ ಶಾರ್ಪೆಂಟಿಯೆ, ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. 2020ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ಕತ್ತರಿ ಕತ್ತರಿಸಿದ ಜಾಗವನ್ನು ಗಿಡ ತಾನೇ ಹೊಲಿದುಕೊಳ್ಳುತ್ತದೆ. ಹೊಲಿಯುವಾಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ. ಆಗ ಆ ಜೀನ್ ಕೆಲಸ ನಿಲ್ಲಿಸುತ್ತದೆ.

"ಹಾಗಾದರೆ ಆ ಕತ್ತರಿ ನಾವು ತಿನ್ನುವ ಹಣ್ಣಿನಲ್ಲೇ ಇರುತ್ತದಾ?" ಎಂದು ಹೋದ ತಿಂಗಳು ಒಬ್ಬ ಅಕ್ಕ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಗಿಡಗಳಲ್ಲಿ ಸಾಮಾನ್ಯವಾಗಿ ಮೊದಲು ಆ ಕತ್ತರಿಯ ಜೀನನ್ನೇ ಗಿಡದೊಳಗೆ ಸೇರಿಸುತ್ತಾರೆ. ತಿದ್ದುವ ಕೆಲಸ ಮುಗಿದ ಮೇಲೆ ಆ ಗಿಡದ ಬೀಜ ಬಿತ್ತುತ್ತಾರೆ. ಮೆಂಡೆಲ್ ಹೇಳಿದ ಲೆಕ್ಕದಂತೆ ಮುಂದಿನ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಗಿಡಕ್ಕೆ ಕತ್ತರಿ ಹೋಗುವುದೇ ಇಲ್ಲ. ಕತ್ತರಿ ಇಲ್ಲದ, ಆದರೆ ತಿದ್ದುಪಡಿ ಉಳಿದ ಗಿಡವನ್ನು ಹುಡುಕಿ ಅದನ್ನೇ ಮುಂದುವರಿಸುತ್ತಾರೆ. ಹತ್ತನೆಯ ತರಗತಿಯ ಲೆಕ್ಕ ಎಲ್ಲಿಗೆ ಬಂತು ನೋಡಿ.

ಇದು ಬರೀ ಪುಸ್ತಕದ ಮಾತಲ್ಲ. ಜಪಾನಿನಲ್ಲಿ 2021ರಿಂದ ಇಂಥ ಟೊಮೆಟೊ ಮಾರಾಟದಲ್ಲಿದೆ. ರಕ್ತದ ಒತ್ತಡ ತಗ್ಗಿಸಲು ನೆರವಾಗುತ್ತದೆ ಎನ್ನಲಾದ ಗಾಬಾ ಎಂಬ ವಸ್ತು ಅದರಲ್ಲಿ ನಾಲ್ಕೈದು ಪಟ್ಟು ಹೆಚ್ಚಿದೆ. ನಮ್ಮ ದೇಶದಲ್ಲಿ 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ತಿದ್ದಿದ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ 'ಕಮಲಾ'. ಅಂಗಡಿಯಲ್ಲಿ ನಾವು ಬಿ.ಪಿ.ಟಿ. ಎಂದು ಕೇಳಿ ತರುವ ಸಾಂಬಾ ಮಸೂರಿಯನ್ನೇ ತಿದ್ದಿ ಮಾಡಿದ್ದು. ಭತ್ತದ ತೆನೆಯಲ್ಲಿ ಕಾಳು ಕಟ್ಟಲು ಪ್ರಚೋದಿಸುವ ಒಂದು ರಸ ಇರುತ್ತದೆ. ಆ ರಸವನ್ನು ಕರಗಿಸಿಬಿಡುವ ಜೀನ್ ಒಂದಿದೆ. ಅದನ್ನು ಸುಮ್ಮನಾಗಿಸಿದರೆ ತೆನೆಯಲ್ಲಿ ಕಾಳು ಹೆಚ್ಚುತ್ತವೆ. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯದು, ಚೌಳು ಮತ್ತು ಬರ ತಡೆದುಕೊಳ್ಳಲೆಂದು ಮಾಡಿದ್ದು. ಕಮಲಾ ಇಳುವರಿ ಶೇ. 19ರಷ್ಟು ಹೆಚ್ಚು, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದು ಸಂಸ್ಥೆಯವರು ಹೇಳಿದ್ದಾರೆ. ಆ ಅಂಕಿ ಅಂಶಗಳ ಮೇಲೆ ಆಕ್ಷೇಪಗಳೂ ಬಂದಿವೆ. ಯಾವ ತಳಿಯಾದರೂ ನಾಲ್ಕಾರು ಮಳೆಗಾಲ ರೈತನ ಗದ್ದೆಯಲ್ಲಿ ನಿಂತ ಮೇಲೆಯೇ ಅದರ ನಿಜ ಗೊತ್ತಾಗುವುದು.

ಈಗ ನಮ್ಮ ಊರಿಗೆ ಬರೋಣ. ಕೋಲಾರದ ಎ.ಪಿ.ಎಂ.ಸಿ., ಮುಳಬಾಗಿಲಿನ ವಡ್ಡಹಳ್ಳಿ ಮಂಡಿ, ಇವೆರಡರಲ್ಲೂ ಟೊಮೆಟೊ ಬಾಕ್ಸ್ ಇಳಿಸದ ಮನೆ ನಮ್ಮ ಕಡೆ ಕಡಿಮೆ. ಬೇಸಿಗೆ ಬಂದರೆ ನಮ್ಮನ್ನು ಹೆದರಿಸುವುದು ಎಲೆ ಮುದುಡು ರೋಗ, ಕೆಲವರು ಬಿಂಗಿ ಎನ್ನುತ್ತಾರೆ. ಬಿಳಿ ನೊಣ ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕೂತರೆ ಸಾಕು, ವೈರಸ್ ದಾಟುತ್ತದೆ. ಎಲೆ ಸುರುಟಿ, ಗಿಡ ಕುಗ್ಗಿ, ಹೂವು ಉದುರುತ್ತದೆ. ವೈರಸ್ಸಿಗೆ ಔಷಧಿ ಇಲ್ಲ. ನಾವು ಹೊಡೆಯುವ ಔಷಧಿ ಎಲ್ಲ ನೊಣಕ್ಕೆ. ನೊಣ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ, ನಾವು ಇನ್ನೊಂದು ಡಬ್ಬ ತರುತ್ತೇವೆ. ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಕೂಲಿ, ಇಷ್ಟೆಲ್ಲಕ್ಕೂ ಸಾಲ ಮಾಡಿ ನಾಟಿ ಮಾಡಿದವನ ತೋಟ ನಲವತ್ತನೆಯ ದಿನಕ್ಕೆ ಮುದುಡಿ ಕೂತರೆ ಆ ಮನೆಯ ಗತಿ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇದಕ್ಕೆ ಹಳೆಯ ದಾರಿಯಲ್ಲೇ ಒಳ್ಳೆಯ ಕೆಲಸ ಆಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಎಂಬ ಟೊಮೆಟೊ ಕೊಟ್ಟಿತು. ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ತಳಿ ಅದು. ಆಮೇಲೆ ಬಂದ ಅರ್ಕಾ ಅಭೇದ್ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಆ ಗುಣಗಳು ಎಲ್ಲಿಂದ ಬಂದವು? ಗೋಲಿಯಷ್ಟು ಹಣ್ಣು ಬಿಡುವ ಕಾಡು ಟೊಮೆಟೊಗಳಿಂದ. ಇವು ಸಂಕರದಿಂದ ಬಂದ ತಳಿಗಳು, ಇವಕ್ಕೆ ಎಡಿಟಿಂಗ್ ಬೇಕಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಎಡಿಟಿಂಗ್ ಇಲ್ಲಿ ಸೇರಿಸುವುದೇನು? ವೈರಸ್ ಬಹಳ ಚಿಕ್ಕದು, ತಾನಾಗಿ ಬೆಳೆಯಲಾರದು. ಗಿಡದ ಸಾಮಾನುಗಳನ್ನೇ ಬಳಸಿಕೊಂಡು ಬೆಳೆಯುತ್ತದೆ. ಟೊಮೆಟೊದಲ್ಲಿ ಪೆಲೋ ಎಂಬ ಒಂದು ಜೀನ್ ಇದೆ. ಮುದುಡು ರೋಗದ ಗುಂಪಿನ ಒಂದು ವೈರಸ್ ಅದನ್ನು ಬಳಸಿಕೊಂಡೇ ಬೆಳೆಯುತ್ತದೆ. ಕೆಲವು ಟೊಮೆಟೊ ತಳಿಗಳಲ್ಲಿ ಆ ಜೀನಿನ ಬರಹ ಸ್ವಾಭಾವಿಕವಾಗಿಯೇ ಬೇರೆಯಾಗಿತ್ತು, ಆ ಗಿಡಗಳಿಗೆ ರೋಗ ಹತ್ತುತ್ತಿರಲಿಲ್ಲ. ಅದನ್ನು ನೋಡಿ ಕೊರಿಯಾದ ವಿಜ್ಞಾನಿಗಳು ಬೇರೆ ಟೊಮೆಟೊದಲ್ಲೂ ಅದೇ ಜೀನನ್ನು ಕ್ರಿಸ್ಪರ್‌ನಿಂದ ತಿದ್ದಿ ರೋಗ ತಡೆಯುವ ಗಿಡ ಮಾಡಿ ತೋರಿಸಿದರು. ಹೊರಗಿನಿಂದ ಬೀಗ ತಂದು ಹಾಕಲಿಲ್ಲ, ಕಳ್ಳ ನುಗ್ಗುತ್ತಿದ್ದ ಕಿಟಕಿಯನ್ನು ಮುಚ್ಚಿದರು. ಸಂಕರದಲ್ಲಿ ಎಂಟು ಹತ್ತು ವರ್ಷ ಬೇಕಾಗುವ ಕೆಲಸ ಇಲ್ಲಿ ಎರಡು ಮೂರು ವರ್ಷಕ್ಕೆ ಆದೀತು. ಮಂಡಿಯಲ್ಲಿ ಬೇಡಿಕೆ ಇರುವ ತಳಿಯ ಬಣ್ಣ, ಗಟ್ಟಿ ಸಿಪ್ಪೆ, ಸಾಗಾಟ ತಾಳುವ ಗುಣ ಹಾಗೇ ಉಳಿದು ರೋಗನಿರೋಧಕ ಶಕ್ತಿ ಮಾತ್ರ ಸೇರಿದರೆ ಅದು ಸಣ್ಣ ಲಾಭವಲ್ಲ. ಔಷಧಿಯ ಖರ್ಚು ಉಳಿಯುತ್ತದೆ. ಪಂಪ್ ಬೆನ್ನಿಗೆ ಹಾಕಿಕೊಂಡು ಹೊಡೆಯುವವನ ಎದೆಯೂ ಉಳಿಯುತ್ತದೆ.

ಆದರೆ ಮುದುಡು ರೋಗ ತರುವ ವೈರಸ್ ಒಂದೇ ಅಲ್ಲ. ಬೆಂಗಳೂರಿನ ಹೆಸರು ಹೊತ್ತದ್ದೇ ಒಂದಿದೆ, ದೆಹಲಿಯ ಹೆಸರಿನದು ಇನ್ನೊಂದು. ಕೊರಿಯಾದಲ್ಲಿ ಗೆದ್ದದ್ದು ಕೋಲಾರದಲ್ಲೂ ಗೆಲ್ಲುತ್ತದೆ ಎಂದು ಮೊದಲೇ ಹೇಳಲಾಗದು. ವೈರಸ್ ಕೂಡ ಬದಲಾಗುತ್ತದೆ. ಒಂದು ಕಿಟಕಿ ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತದೆ. ಹಾಗಾಗಿ ತಳಿ ಎಷ್ಟೇ ಒಳ್ಳೆಯದಿರಲಿ, ನರ್ಸರಿಗೆ ಬಲೆ ಹಾಕುವುದು, ರೋಗದ ಗಿಡ ಕಿತ್ತು ಸುಡುವುದು, ಟೊಮೆಟೊ ಮೇಲೆ ಟೊಮೆಟೊ ಹಾಕದೆ ಬೆಳೆ ಬದಲಿಸುವುದು, ಇವುಗಳನ್ನು ಬಿಡುವ ಹಾಗಿಲ್ಲ.

ರಾಗಿಯ ಕಥೆ ಇನ್ನೂ ಕಷ್ಟದ್ದು. ರಾಗಿಯಲ್ಲಿ 36 ವರ್ಣತಂತುಗಳಿವೆ. ಅದು ಎರಡು ಹಳೆಯ ಹುಲ್ಲುಗಳು ಕೂಡಿ ಆದ ಗಿಡ, ಹಾಗಾಗಿ ಬಹುಪಾಲು ಜೀನುಗಳಿಗೆ ನಾಲ್ಕು ಪ್ರತಿ ಇರುತ್ತವೆ. ಮೂರನ್ನು ತಿದ್ದಿ ಒಂದನ್ನು ಬಿಟ್ಟರೆ ಗಿಡ ಆ ಒಂದರಿಂದಲೇ ಕೆಲಸ ನಡೆಸಿಕೊಳ್ಳಬಹುದು. ಅಲ್ಲದೆ ತಿದ್ದಿದ ಒಂದು ಜೀವಕೋಶದಿಂದ ಇಡೀ ಗಿಡ ಬೆಳೆಸುವುದು ಭತ್ತದಲ್ಲಿ ಪಳಗಿದಷ್ಟು ರಾಗಿಯಲ್ಲಿ ಪಳಗಿಲ್ಲ. ಜಗತ್ತಿನ ದುಡ್ಡೆಲ್ಲ ಭತ್ತ, ಗೋಧಿ, ಮುಸುಕಿನ ಜೋಳದ ಸಂಶೋಧನೆಗೆ ಹೋಯಿತು, ರಾಗಿ ಬಡವರ ಊಟವೆಂದು ಹಿಂದೆ ಬಿತ್ತು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ಸ್ವಲ್ಪ ಗಮನ ಬಂದಿದೆ. ಬೆಂಕಿ ರೋಗ ತಡೆಯುವುದು, ಗಾಳಿ ಮಳೆಗೆ ನೆಲಕ್ಕೆ ಒರಗದ ಗಿಡ್ಡ ಗಿಡ ಮಾಡುವುದು, ಇವೆರಡು ನಮಗೆ ಬೇಕಾದ ತಿದ್ದುಪಡಿಗಳು. ಗಿಡ್ಡ ಎಂದ ಕೂಡಲೇ ಇನ್ನೊಂದನ್ನೂ ಹೇಳಬೇಕು. ನಮಗೆ ರಾಗಿ ಎಂದರೆ ಕಾಳು ಅಷ್ಟೇ ಅಲ್ಲ, ಹುಲ್ಲೂ ಹೌದು. ಡೈರಿಗೆ ಹಾಲು ಹಾಕುವ ಮನೆಗೆ ಹುಲ್ಲಿನ ಮೆದೆಯೇ ಬ್ಯಾಂಕು. ಕಾಳು ಹೆಚ್ಚಿಸಲು ಹೋಗಿ ಹುಲ್ಲು ಕಡಿಮೆ ಮಾಡಿದ ತಳಿ ನಮ್ಮ ಹೊಲದಲ್ಲಿ ನಿಲ್ಲುವುದಿಲ್ಲ. ಇದನ್ನು ಪ್ರಯೋಗಾಲಯಕ್ಕೆ ಹೇಳಬೇಕಾದವರು ನಾವೇ.

ಶ್ರೀನಿವಾಸಪುರದವರು ಮಾವಿನ ಬಗ್ಗೆ ಕೇಳುತ್ತೀರಿ, ಗೊತ್ತು. ಮಾವಿನಲ್ಲಿ ಇದು ಬೇಗ ಆಗುವ ಮಾತಲ್ಲ. ಆಗಲೇ ಹೇಳಿದೆನಲ್ಲ, ತಿದ್ದಿದ ಮೇಲೆ ಬೀಜ ಬಿತ್ತಿ ಕತ್ತರಿ ಇಲ್ಲದ ಗಿಡ ಹುಡುಕಬೇಕು ಎಂದು. ಬಾದಾಮಿ ಮಾವಿನ ಓಟೆ ಬಿತ್ತಿದರೆ ಬಾದಾಮಿ ಬರುವುದಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಕಸಿ ಮಾಡುತ್ತೇವೆ. ಹಾಗಾಗಿ ಅಲ್ಲಿ ಬೇರೆ ಉಪಾಯ ಬೇಕು, ಫಲ ನೋಡಲು ವರ್ಷಗಟ್ಟಲೆ ಕಾಯಲೂ ಬೇಕು.

ಇನ್ನು ಸಿಂಥೆಟಿಕ್ ಬಯಾಲಜಿ ಎಂಬ ಮಾತೂ ಕೇಳಿಬರುತ್ತದೆ. ಸಂಶ್ಲೇಷಿತ ಜೀವವಿಜ್ಞಾನ ಎನ್ನಬಹುದು. ಎಡಿಟಿಂಗ್ ಎಂದರೆ ಅಕ್ಷರ ತಿದ್ದುವುದಾದರೆ, ಇದು ಹೊಸ ವಾಕ್ಯಗಳನ್ನೇ ಬರೆದು ಜೀವಿಯೊಳಗೆ ಇಡುವುದು. ನಮ್ಮೂರಿನಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದಾರೆ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಿಂದ ಮನುಷ್ಯನ ಇನ್ಸುಲಿನ್ ಜೀನನ್ನು ಸೂಕ್ಷ್ಮಜೀವಿಯೊಳಗಿಟ್ಟು ತಯಾರಿಸುತ್ತಿದ್ದಾರೆ. ಬೆಂಗಳೂರಿನಲ್ಲೇ ಯೀಸ್ಟ್‌ನಿಂದ ತಯಾರಾದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂತು. ಈ ವಿದ್ಯೆಯ ಮೊದಲ ಹೆಜ್ಜೆ ಅದು. ಬೆಳೆಗಳಲ್ಲಿ ಇದರ ದೊಡ್ಡ ಉದಾಹರಣೆ 2000ದಲ್ಲಿ ಪ್ರಕಟವಾದ ಹೊನ್ನಿನ ಬಣ್ಣದ ಅಕ್ಕಿ. ಎ ಜೀವಸತ್ವ ಆಗುವ ವಸ್ತುವನ್ನು ಅಕ್ಕಿಯೊಳಗೇ ತಯಾರಿಸುವಂತೆ ಹೊರಗಿನ ಜೀನುಗಳನ್ನು ಸೇರಿಸಿದ್ದರು. ಫಿಲಿಪ್ಪೀನ್ಸ್‌ನಲ್ಲಿ 2021ರಲ್ಲಿ ಬೆಳೆಯಲು ಒಪ್ಪಿಗೆ ಸಿಕ್ಕಿತು, 2024ರಲ್ಲಿ ನ್ಯಾಯಾಲಯ ತಡೆಯಿತು. ಧಾನ್ಯದ ಗಿಡ ಗಾಳಿಯ ಸಾರಜನಕವನ್ನು ತಾನೇ ಗೊಬ್ಬರ ಮಾಡಿಕೊಳ್ಳುವಂತೆ ಮಾಡಬೇಕೆಂದು ಹಲವು ದಶಕಗಳಿಂದ ಪ್ರಯತ್ನ ನಡೆದಿದೆ. ಅದು ಆದರೆ ಯೂರಿಯಾ ಮೂಟೆಯ ಭಾರ ಇಳಿಯುತ್ತದೆ, ಆದರೆ ದಾರಿ ದೂರವಿದೆ. ಅಲ್ಲಿಯವರೆಗೆ ನಮ್ಮ ಅಕ್ಕಡಿ ಸಾಲನ್ನು ಮರೆಯದಿರೋಣ. ರಾಗಿಯ ನಡುವೆ ಅವರೆ, ತೊಗರಿ ಹಾಕಿದಾಗ ಅವುಗಳ ಬೇರಿನ ಗಂಟುಗಳು ಈ ಕೆಲಸವನ್ನು ನಮ್ಮ ತಾತಂದಿರ ಕಾಲದಿಂದ ಮಾಡುತ್ತಲೇ ಇವೆ.

ಈಗ ಭಯದ ವಿಚಾರ. ಈ ಭಯ ಹುರುಳಿಲ್ಲದ್ದಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲು ಕಾಯಿಕೊರಕ ತಗ್ಗಿತು, ಆಮೇಲೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿತು. ಬೀಜವೆಲ್ಲ ಹೈಬ್ರಿಡ್ ಆಗಿ ವರ್ಷವರ್ಷವೂ ಕೊಳ್ಳಬೇಕಾಯಿತು. ಬಿ.ಟಿ. ಬದನೆ ಬಂದಾಗ ದೇಶದ ಹಲವು ಕಡೆ ಸಾರ್ವಜನಿಕ ಸಭೆಗಳಾದವು, ಬೆಂಗಳೂರಿನಲ್ಲೂ ಆಯಿತು. 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ಬೀಜದ ಒಡೆತನದ ಪ್ರಶ್ನೆಯನ್ನು ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ನಮ್ಮ ರಾಜ್ಯದಲ್ಲಿ ಬೀದಿಗಿಳಿದು ಕೇಳಿತ್ತು. ಅವರ ದಾರಿಯನ್ನು ಒಪ್ಪಿ ಬಿಡಿ, ಅವರು ಕೇಳಿದ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.

ಎಡಿಟಿಂಗ್ ವಿಷಯದಲ್ಲಿ ಸರ್ಕಾರ 2022ರ ಮಾರ್ಚ್‌ನಲ್ಲಿ ಒಂದು ತೀರ್ಮಾನ ಮಾಡಿತು. ಹೊರಗಿನ ಜೀನ್ ಉಳಿಯದೆ ಸಣ್ಣ ತಿದ್ದುಪಡಿ ಮಾತ್ರ ಇರುವ ಗಿಡಗಳಿಗೆ ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಹೊರಗಿನ ಜೀನ್ ಇಲ್ಲ ಎಂಬುದನ್ನು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಸಾಬೀತು ಮಾಡಬೇಕು. ಇದರ ಪರವಾಗಿ ಹೇಳುವವರು, ಇಂಥ ಬದಲಾವಣೆ ಪ್ರಕೃತಿಯಲ್ಲೂ ಆಗುತ್ತದೆ ಎನ್ನುತ್ತಾರೆ. ಅದು ನಿಜ, ಪೆಲೋ ಜೀನಿನ ಉದಾಹರಣೆ ಈಗಷ್ಟೇ ನೋಡಿದೆವು. ವಿರೋಧಿಸುವವರು, ಕತ್ತರಿ ಬೇಡದ ಜಾಗದಲ್ಲೂ ಕತ್ತರಿಸಬಹುದು, ಪರೀಕ್ಷೆ ಸಡಿಲವಾಗಬಾರದು ಎನ್ನುತ್ತಾರೆ. ಅದೂ ನಿಜ. ಒಂದೇ ರೀತಿಯ ಅಕ್ಷರ ಸಾಲು ಬೇರೆಡೆ ಇದ್ದರೆ ಅಲ್ಲಿಯೂ ಕತ್ತರಿ ಬೀಳಬಹುದು. ಅದನ್ನು ಪತ್ತೆ ಮಾಡುವ ವಿಧಾನಗಳಿವೆ, ಮಾಡಿದ್ದನ್ನು ಎಲ್ಲರ ಮುಂದೆ ಇಡಬೇಕು ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ವಿದ್ಯೆಯನ್ನು ಬಿಡಬಾರದು, ಲೆಕ್ಕ ಕೇಳುವುದನ್ನೂ ಬಿಡಬಾರದು.

ಹಾಗಾದರೆ ಹೊಸ ಬೀಜ ಬಂದಾಗ ಅಂಗಡಿಯವನನ್ನೋ ಅಧಿಕಾರಿಯನ್ನೋ ಏನು ಕೇಳಬೇಕು? ನಾಲ್ಕು ಪ್ರಶ್ನೆ ಸಾಕು.

ಒಂದು, ಇದರಲ್ಲಿ ಏನನ್ನು ಬದಲಿಸಿದ್ದೀರಿ, ಯಾವ ಕಷ್ಟಕ್ಕೆ?

ಎರಡು, ನಮ್ಮ ಕೆಂಪು ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ಇದನ್ನು ಎಷ್ಟು ವರ್ಷ ಬೆಳೆದು ನೋಡಿದ್ದೀರಿ? ಟಮಕದ ಕೃಷಿ ವಿಜ್ಞಾನ ಕೇಂದ್ರದವರೋ ತೋಟಗಾರಿಕೆ ಕಾಲೇಜಿನವರೋ ನೋಡಿದ್ದಾರಾ?

ಮೂರು, ಇದು ಹೈಬ್ರಿಡ್ಡೋ, ಬೀಜ ಉಳಿಸಿಕೊಳ್ಳುವ ತಳಿಯೋ? 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ನಮಗೆ ಒಂದು ದೊಡ್ಡ ಹಕ್ಕು ಕೊಟ್ಟಿದೆ. ನಾವು ಬೆಳೆದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಲೂಬಹುದು. ಆದರೆ ಹೈಬ್ರಿಡ್ ಆದರೆ ಕಾಗದದ ಮೇಲೆ ಹಕ್ಕಿದ್ದರೂ ಪ್ರಯೋಜನವಿಲ್ಲ, ಮುಂದಿನ ಬೆಳೆ ಒಂದೇ ಸಮ ಬರುವುದಿಲ್ಲ. ಲಕ್ಷ್ಮಣಯ್ಯನವರ ರಾಗಿ ಒಂದು ಸೇರು ಸಿಕ್ಕಿದವನಿಂದ ಊರಿಗೆಲ್ಲ ಹರಡಿತು. ಬೀಜ ತಿದ್ದಿದ್ದೋ ಅಲ್ಲವೋ ಎಂಬುದಕ್ಕಿಂತ, ಅದು ಹಾಗೆ ಹರಡಬಲ್ಲದೋ ಇಲ್ಲವೋ ಎಂಬುದು ರೈತನಿಗೆ ದೊಡ್ಡ ಪ್ರಶ್ನೆ.

ನಾಲ್ಕು, ಇದರ ಪೇಟೆಂಟ್ ಯಾರದು? ಕ್ರಿಸ್ಪರ್ ಕತ್ತರಿಯ ಮುಖ್ಯ ಪೇಟೆಂಟ್‌ಗಳು ಹೊರದೇಶದ ಸಂಸ್ಥೆಗಳ ಕೈಯಲ್ಲಿವೆ. ಅದಕ್ಕೇ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ನಮ್ಮ ವಿಜ್ಞಾನಿಗಳು ಟಿ.ಎನ್.ಪಿ.ಬಿ. ಎಂಬ ಬೇರೊಂದು ಚಿಕ್ಕ ಕತ್ತರಿಯನ್ನು ಪಳಗಿಸಿದ್ದಾರೆ. ಸರ್ಕಾರಿ ಸಂಸ್ಥೆಗಳು ಈ ಕೆಲಸದಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಬೀಜ ಅಗ್ಗವಾಗಿ ನಮ್ಮ ಕೈಗೆ ಬರುತ್ತದೆ.

ಬೀಜ ಮಾಡಲಾರದ್ದೂ ಇದೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ಬೇರೆ ವರ್ಷ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಆ ವರ್ಷ ಟೊಮೆಟೊ ಜೀನಿನಲ್ಲಿ ಯಾವ ದೋಷವೂ ಇರಲಿಲ್ಲ. ಬೆಲೆ, ಶೀತಲಗೃಹ, ಸಂಸ್ಕರಣೆ, ಕೆರೆ ನೀರು, ಬೋರ್‌ವೆಲ್ ಆಳ, ಇವನ್ನು ಯಾವ ಕತ್ತರಿಯೂ ಸರಿ ಮಾಡದು. ಹೊಸ ಬೀಜ ತೋರಿಸಿ ಈ ಪ್ರಶ್ನೆಗಳನ್ನು ಯಾರಾದರೂ ಮರೆಸಲು ಬಂದರೆ ನಾವು ಮರೆಯಬಾರದು.

ಕೊನೆಯ ಮಾತು, ಇದು ಶಾಲೆಗೆ ಸಂಬಂಧಪಟ್ಟದ್ದು. ತಿದ್ದುವ ವಿದ್ಯೆ ಇದ್ದರೆ ಸಾಲದು, ಎಲ್ಲಿ ತಿದ್ದಬೇಕೆಂದು ತಿಳಿದಿರಬೇಕು. ಅದನ್ನು ತಿಳಿಸುವುದು ಹಳೆಯ ತಳಿಗಳು, ಕಾಡು ತಳಿಗಳು. ರೋಗ ಹತ್ತದ ಒಂದು ಟೊಮೆಟೊ ಎಲ್ಲೋ ಉಳಿದಿದ್ದರಿಂದಲೇ ಪೆಲೋ ಜೀನಿನ ಗುಟ್ಟು ತಿಳಿಯಿತು. ಹಾಗಾಗಿ ಈ ವಿದ್ಯೆ ಬೆಳೆದಷ್ಟೂ ಹಳೆಯ ಬೀಜದ ಬೆಲೆ ಏರುತ್ತದೆ. ಉಂಡೆ ರಾಗಿ, ಕರಿಗಿಡ್ಡ, ಎಡಗು ರಾಗಿ ಎಂಬ ಹೆಸರುಗಳು ಇಲ್ಲಿರುವ ಹಿರಿಯರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಶಾಲೆಯ ಹಿಂದೆ ನಾಲ್ಕು ಗುಂಟೆ ಜಾಗ ಖಾಲಿ ಇದೆ. ಪ್ರತಿ ಮಗುವೂ ತನ್ನ ಮನೆಯಿಂದಲೋ ನೆಂಟರ ಊರಿನಿಂದಲೋ ಒಂದು ಹಿಡಿ ಹಳೆಯ ಬೀಜ ತರಲಿ. ಒಂದೊಂದು ತಳಿಗೆ ಒಂದೊಂದು ಸಾಲು ಹಾಕೋಣ. ಯಾವುದು ಬರ ತಡೆಯಿತು, ಯಾವುದಕ್ಕೆ ಬೆಂಕಿ ರೋಗ ಬರಲಿಲ್ಲ, ಯಾವುದರ ಹುಲ್ಲನ್ನು ದನ ಇಷ್ಟಪಟ್ಟಿತು ಎಂದು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ವರ್ಷವರ್ಷವೂ ಬರೆದಿಡಲಿ. ಬೇಲಿಯ ಖರ್ಚು ಹಳೆಯ ವಿದ್ಯಾರ್ಥಿಗಳದ್ದು, ನನ್ನ ಪಾಲನ್ನು ಇವತ್ತೇ ಸಮಿತಿಗೆ ಒಪ್ಪಿಸುತ್ತೇನೆ. ಹತ್ತು ವರ್ಷ ಆ ನೋಟ್‌ಬುಕ್ ನಿಲ್ಲದೆ ನಡೆದರೆ ಜಿ.ಕೆ.ವಿ.ಕೆ.ಯವರೇ ಅದನ್ನು ಹುಡುಕಿಕೊಂಡು ಬಂದಾರು. ಆ ಹೊತ್ತಿಗೆ ಅಲ್ಲಿ ಕೂತು ಬೀಜದ ಬರಹ ಓದುವವರಲ್ಲಿ ಈ ಶಾಲೆಯ ಮಕ್ಕಳೂ ಇರಲಿ.

 ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಕೇಳಿ, ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ.